ಪ್ರಾಚೀನ ಚೀನದಲ್ಲಿ ಊಟದ ಹೊತ್ತು

ಇತಿಹಾಸಗ್ರಂಥಗಳಲ್ಲಿ ಅರಸರ ದಿಗ್ವಿಜಯಗಳಿಗೂ ರಾಜವಂಶಗಳ ಏಳುಬೀಳುಗಳಿಗೂ ದೊರೆಯುವಷ್ಟು ಪುಟಗಳು ಜನರ ಊಟಕ್ಕೆ ದೊರೆಯುವುದಿಲ್ಲ. ಆದರೂ ಒಂದು ಜನಾಂಗದವರು ದಿನಕ್ಕೆ ಎಷ್ಟು ಸಲ ಉಣ್ಣುತ್ತಿದ್ದರು, ಯಾವ ಹೊತ್ತಿನಲ್ಲಿ ಉಣ್ಣುತ್ತಿದ್ದರು, ಯಾರೊಡನೆ ಯಾವ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು ಎಂಬುದು ಗೊತ್ತಾದರೆ ಆ ಜನರ ಸಮಾಜವ್ಯವಸ್ಥೆಯ ಒಳಗುಟ್ಟು ಬಹುಮಟ್ಟಿಗೆ ಗೊತ್ತಾದಂತೆಯೇ ಸರಿ. ಹಸಿವನ್ನು ಪ್ರಕೃತಿಯು ಕೊಟ್ಟಿತು. ಊಟದ ಹೊತ್ತನ್ನು ಮನುಷ್ಯನು ತಾನೇ ಏರ್ಪಡಿಸಿಕೊಂಡನು. ಈ ಏರ್ಪಾಟಿನ ಚರಿತ್ರೆಯನ್ನು ತಿಳಿಯುವುದಕ್ಕೆ ಚೀನ ದೇಶದಷ್ಟು ಅನುಕೂಲವಾದ ದೇಶವು ಇನ್ನೊಂದಿಲ್ಲ. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ಬರಹಗಳು ಅಲ್ಲಿ ಉಳಿದಿವೆ. ಮೇಲಾಗಿ, ಆಚಾರಗಳೆಲ್ಲವೂ ಮೊತ್ತಮೊದಲು ಅನ್ನಪಾನಗಳಿಂದಲೇ ಹುಟ್ಟಿದುವೆಂದು ಅಲ್ಲಿಯ ಧರ್ಮಶಾಸ್ತ್ರಕಾರರೇ ಭಾವಿಸಿದ್ದರು. ಆ ದೇಶದಲ್ಲಿ ಊಟದ ಹೊತ್ತು ಹೇಗೆ ಗೊತ್ತಾಯಿತು, ಅದನ್ನು ಗೊತ್ತುಮಾಡುವ ಅಧಿಕಾರವು ಯಾರ ಕೈಯಲ್ಲಿದ್ದಿತು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿಚಾರಿಸೋಣ.

ಚೀನದ ಅತಿ ಪ್ರಾಚೀನವಾದ ಬರಹಗಳೆಂದರೆ ಷಾಂಗ್ ವಂಶದ ಅರಸರು ಶಕುನ ಕೇಳುವುದಕ್ಕಾಗಿ ಆಮೆಯ ಚಿಪ್ಪುಗಳ ಮೇಲೂ ದನದ ಮೂಳೆಗಳ ಮೇಲೂ ಕೊರೆಯಿಸಿದ ಲಿಪಿಗಳು. ವಿದ್ವಾಂಸರು ಇವುಗಳನ್ನು ಮೊದಲು ಗುರುತಿಸಿದುದು ೧೮೯೯ರಲ್ಲಿ. ಇವು ದೊರೆತ ಸ್ಥಳ ಷಾಂಗ್ ಅರಸರ ರಾಜಧಾನಿಯಿದ್ದ ಆನ್ಯಾಂಗ್ ಪ್ರದೇಶ. ಈ ಲಿಪಿಗಳಲ್ಲಿ ಹಗಲಿನ ಭಾಗಗಳಿಗೆ ಹೆಸರುಗಳಿವೆ. ಅವುಗಳಲ್ಲಿ ಎರಡು ಹೆಸರುಗಳು ಊಟದವು: ಬೆಳಗಿನ ಹೊತ್ತಿಗೆ ‘ದಾಷಿ’, ಅಂದರೆ ದೊಡ್ಡ ಊಟ, ಇಳಿಹೊತ್ತಿಗೆ ‘ಶಿಯಾವೊಷಿ’, ಅಂದರೆ ಸಣ್ಣ ಊಟ. ಸೂರ್ಯನು ಆಕಾಶದಲ್ಲಿ ಎಲ್ಲಿದ್ದಾನೆಂಬುದನ್ನು ಹೇಳಬೇಕಾದಾಗ ಆ ಕಾಲದವರು ಒಲೆಯನ್ನು ನೋಡಿ ಹೇಳುತ್ತಿದ್ದರೆಂದು ಇದರಿಂದ ತಿಳಿಯುವುದು. ಈ ಪದ್ಧತಿಯು ಮುಂದೆಯೂ ಅಳಿಯಲಿಲ್ಲ. ಹಾನ್ ವಂಶದ ಕಾಲದಲ್ಲಿ ಅಹೋರಾತ್ರಿಯನ್ನು ಹನ್ನೆರಡು ಭಾಗಗಳಾಗಿ ವಿಭಜಿಸಿದಾಗ, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಗಂಟೆಯವರೆಗಿನ ಭಾಗಕ್ಕೆ ‘ಊಟದ ವೇಳೆ’ ಎಂದೇ ಹೆಸರಾಯಿತು. ಮಧ್ಯಾಹ್ನ ಮೂರರಿಂದ ಐದರವರೆಗಿನ ಭಾಗಕ್ಕೆ ಎರಡನೆಯ ಊಟದ ಹೆಸರಾದ ‘ಬು’ ಎಂಬುದೇ ನಿಂತಿತು. ಕ್ರಿ. ಶ. ೧೦೦ರ ಸುಮಾರಿನಲ್ಲಿ ನಿಘಂಟನ್ನು ರಚಿಸಿದ ಷೂ ಷೆನ್ ಎಂಬ ಪಂಡಿತನು ಈ ಶಬ್ದಕ್ಕೆ ಅರ್ಥವನ್ನು ಹೇಳುವಾಗ ಆ ವೇಳೆಯಲ್ಲಿ ಮಾಡುವ ಊಟವೆಂದೇ ಬರೆದಿದ್ದಾನೆ.

ಹೀಗೆ ಮೊದಲಿನಿಂದಲೂ ದಿನಕ್ಕೆ ಎರಡೇ ಊಟ. ಬೆಳಗಿನದಕ್ಕೆ ‘ಯೋಂಗ್’ ಎಂದೂ ಸಂಜೆಯದಕ್ಕೆ ‘ಸುನ್’ ಎಂದೂ ಹೆಸರುಗಳಿದ್ದುವು. ಹೊಲದ ಕೆಲಸಕ್ಕೆ ಇಳಿಯುವ ಮುನ್ನ ಹೊಟ್ಟೆ ತುಂಬ ಉಣ್ಣಬೇಕು. ಕತ್ತಲಾದ ಮೇಲೆ ದೀಪಕ್ಕೆ ಎಣ್ಣೆಯನ್ನು ಸುಡುವ ಶಕ್ತಿಯು ಬಡವನಿಗಿಲ್ಲವಾದುದರಿಂದ ಹೊತ್ತು ಮುಳುಗುವ ಮೊದಲೇ ಉಳಿದುದನ್ನು ಉಂಡು ಮುಗಿಸಬೇಕು. ಉತ್ತರ ಚೀನದವರ ಅನ್ನವೆಂದರೆ ಅಕ್ಕಿಯ ಅನ್ನವಲ್ಲ. ನವಣೆ ಮತ್ತು ಬರಗುಗಳನ್ನು ಆವಿಯಲ್ಲಿ ಬೇಯಿಸಿದುದು. ನಮ್ಮ ಬಯಲುಸೀಮೆಯ ಒಕ್ಕಲಿಗನು ಚೆನ್ನಾಗಿ ಬಲ್ಲ ಈ ಎರಡು ಧಾನ್ಯಗಳೂ ಉತ್ತರ ಚೀನದಲ್ಲಿ ಅತಿ ಪ್ರಾಚೀನ ಕಾಲದಲ್ಲಿಯೇ ಬೇಸಾಯಕ್ಕೆ ಬಂದವು. ನೆಲ್ಲಿನ ಅನ್ನವು ಯಾಂಗ್ಟ್ಸಿ ನದಿಯ ದಕ್ಷಿಣದವರ ಆಹಾರವಾಗಿದ್ದಿತು.

ಊಟವು ಎರಡೆಂಬುದು ಸಾಮಾನ್ಯರ ಮಾತಾಯಿತು. ಅರಮನೆಯ ಲೆಕ್ಕವೇ ಬೇರೆ. ಕ್ರಿ. ಶ. ೭೯ರಲ್ಲಿ ಹಾನ್ ಚಕ್ರವರ್ತಿಯ ಆಜ್ಞೆಯಂತೆ ಶ್ವೇತವ್ಯಾಘ್ರವೆಂಬ ಮಂದಿರದಲ್ಲಿ ವಿದ್ವಾಂಸರ ಮಹಾಸಭೆಯೊಂದು ನೆರೆದು ಶಾಸ್ತ್ರಾರ್ಥಗಳನ್ನು ಚರ್ಚಿಸಿತು. ಆ ಚರ್ಚೆಯ ಸಾರವನ್ನು ಸಂಗ್ರಹಿಸಿದ ಗ್ರಂಥದಲ್ಲಿ ಊಟದ ಸಂಖ್ಯೆಯೂ ಒಂದು ವಿಷಯವಾಗಿದೆ. ರಾಜನಿಗೆ ದಿನಕ್ಕೆ ನಾಲ್ಕು ಊಟಗಳು: ಅರುಣೋದಯದಲ್ಲೊಂದು, ಹಗಲಿನಲ್ಲೊಂದು, ಇಳಿಹೊತ್ತಿನಲ್ಲೊಂದು, ಸಂಜೆಯಲ್ಲೊಂದು. ರಾಜನು ನಾಲ್ಕು ದಿಕ್ಕುಗಳ ಪದಾರ್ಥಗಳಿಗೂ ನಾಲ್ಕು ಋತುಗಳ ಫಲಕ್ಕೂ ಒಡೆಯನಾದುದರಿಂದ ನಾಲ್ಕು ಸಲ ಉಣ್ಣುವನೆಂದು ಪಂಡಿತರು ಸಮರ್ಥಿಸಿದರು. ಸಾಮಂತರಿಗೆ ಮೂರು, ಮಂತ್ರಿಗಳಿಗೆ ಎರಡು. ಇನ್ನು ಬೇಸಾಯಗಾರರ ವಿಷಯದಲ್ಲಿ ಆ ಗ್ರಂಥವು ಹೇಳುವುದೇನು? ಅವರು ಮೈಮುರಿದು ದುಡಿಯುವವರು. ಹಸಿದಾಗ ಉಣ್ಣುವರು, ಹೊಟ್ಟೆ ತುಂಬಿದೊಡನೆ ಕೆಲಸಕ್ಕೆ ಹೋಗುವರು. ಆದುದರಿಂದ ಅವರ ಊಟಕ್ಕೆ ಸಂಖ್ಯೆಯಿಲ್ಲ. ಕೇಳುವುದಕ್ಕೆ ಇದು ಉದಾರವಾದ ಮಾತಿನಂತೆ ತೋರುವುದು. ಸಂಖ್ಯೆಯಿಲ್ಲವೆಂದರೆ ತಡೆಯಿಲ್ಲವೆಂದೂ ಅರ್ಥವಾಗಬಹುದು. ಲೆಕ್ಕಕ್ಕೆ ತೆಗೆದುಕೊಳ್ಳತಕ್ಕುದಲ್ಲವೆಂದೂ ಅರ್ಥವಾಗಬಹುದು. ಇವೆರಡರಲ್ಲಿ ನಿಜವಾವುದೆಂಬುದನ್ನು ಮುಂದೆ ನೋಡುವೆವು.

ರಾಜನ ಒಂದೊಂದು ಊಟಕ್ಕೂ ವಾದ್ಯಗಳು ಮೊಳಗುತ್ತಿದ್ದುವು. ಒಂದೊಂದು ಊಟಕ್ಕೂ ಬೇರೆಬೇರೆ ಸಂಗೀತಗಾರರು ನೇಮಕವಾಗಿದ್ದರು. ಕನ್‌ಫ್ಯೂಷಿಯಸನ ಸಂಭಾಷಣೆಗಳ ಗ್ರಂಥದಲ್ಲಿ ಒಂದು ಸಣ್ಣ ಭಾಗವಿದೆ. ಅದರಲ್ಲಿ ಉಪದೇಶವೇನೂ ಇಲ್ಲ. ಸಂಗೀತಗಾರರು ಎಲ್ಲೆಲ್ಲಿಗೆ ಹೊರಟುಹೋದರೆಂಬ ಪಟ್ಟಿ ಮಾತ್ರವೇ ಇದೆ. ಎರಡನೆಯ ಊಟದವನು ಛೂ ರಾಜ್ಯಕ್ಕೆ ಹೋದನು, ಮೂರನೆಯ ಊಟದವನು ತ್ಸಾಯಿ ರಾಜ್ಯಕ್ಕೆ, ನಾಲ್ಕನೆಯ ಊಟದವನು ಛಿನ್ ರಾಜ್ಯಕ್ಕೆ ಹೋದನು. ಆಸ್ಥಾನವು ಒಡೆದು ಚೂರಾಯಿತೆಂಬುದನ್ನು ತಿಳಿಸುವುದಕ್ಕೆ ಆ ಗ್ರಂಥಕಾರನಿಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ.

ಈ ತಾರತಮ್ಯವನ್ನು ಆ ಕಾಲದಲ್ಲಿಯೇ ಪ್ರಶ್ನಿಸಿದವರಿದ್ದರು. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಷೂ ಶಿಂಗ್ ಎಂಬೊಬ್ಬನು ತನ್ನ ಶಿಷ್ಯರೊಡನೆ ತೆಂಗ್ ಎಂಬ ಸಣ್ಣ ರಾಜ್ಯಕ್ಕೆ ಬಂದು ನೆಲಸಿದನು. ಒರಟು ಬಟ್ಟೆಯನ್ನು ಉಟ್ಟು, ಚಾಪೆಗಳನ್ನು ಹೆಣೆದು ಅವರು ಬದುಕುತ್ತಿದ್ದರು. ನಿಜವಾದ ಅರಸನು ಪ್ರಜೆಗಳೊಡನೆ ಸೇರಿ ಉಳಬೇಕು, ತನ್ನ ಬೆಳಗಿನ ಊಟವನ್ನೂ ಸಂಜೆಯ ಊಟವನ್ನೂ ತಾನೇ ಬೇಯಿಸಿಕೊಳ್ಳುತ್ತ ರಾಜ್ಯವನ್ನಾಳಬೇಕು ಎಂಬುದು ಅವನ ಮತ. ಮೆನ್ಷಿಯಸನು ಇದನ್ನು ಖಂಡಿಸಿದನು. ಷೂ ಶಿಂಗನು ತನ್ನ ಟೋಪಿಯನ್ನೂ ಗಡಿಗೆಯನ್ನೂ ನೇಗಿಲಿನ ಕಬ್ಬಿಣವನ್ನೂ ತಾನೇ ಮಾಡಿಕೊಳ್ಳುವನೋ, ಧಾನ್ಯವನ್ನು ಕೊಟ್ಟು ಕೊಂಡುಕೊಳ್ಳುವನೋ ಎಂದು ಅವನು ಕೇಳಿದನು. ಕುಂಬಾರನ ಕೆಲಸವನ್ನು ಉಳುತ್ತ ಮಾಡುವುದಕ್ಕಾಗದಿದ್ದರೆ ರಾಜ್ಯಭಾರವನ್ನು ಮಾತ್ರ ಉಳುತ್ತ ಮಾಡುವುದಕ್ಕಾಗುವುದೇ ಎಂಬುದು ಅವನ ವಾದ. ವಾದದಲ್ಲಿ ಮೆನ್ಷಿಯಸನು ಗೆದ್ದನು. ಬುದ್ಧಿಯಿಂದ ದುಡಿಯುವವನು ಆಳತಕ್ಕವನು, ಮೈಯಿಂದ ದುಡಿಯುವವನು ಅವನಿಗೆ ಅನ್ನವನ್ನು ಒದಗಿಸತಕ್ಕವನು ಎಂಬ ಸಿದ್ಧಾಂತವು ಎರಡು ಸಾವಿರ ವರ್ಷಗಳ ಕಾಲ ನಿಂತಿತು.

ಹಾಗೆ ಅನ್ನವನ್ನು ಒದಗಿಸುತ್ತಿದ್ದವನು ತಾನು ಉಣ್ಣುತ್ತಿದ್ದುದೆಷ್ಟು? ಶಾಸ್ತ್ರಗ್ರಂಥಗಳಿಂದ ಇದಕ್ಕೆ ಉತ್ತರವು ದೊರೆಯಲಿಲ್ಲ, ಮಣ್ಣಿನಿಂದ ದೊರೆಯಿತು. ೧೯೭೫ರಲ್ಲಿ ಹುಬೈ ಪ್ರಾಂತದ ಯುನ್‌ಮೆಂಗ್ ಎಂಬಲ್ಲಿ, ಷುಯಿಹುದಿ ಎಂಬ ಸ್ಥಳದಲ್ಲಿ, ಸಮಾಧಿಯೊಂದನ್ನು ಅಗೆದಾಗ ಬರಹವುಳ್ಳ ಬಿದಿರುಪಟ್ಟಿಗಳು ಸಾವಿರಕ್ಕೂ ಮೇಲ್ಪಟ್ಟು ಸಿಕ್ಕಿದುವು. ಅದು ಛಿನ್ ರಾಜ್ಯದ ಶೀ ಎಂಬ ಸ್ಥಳೀಯ ಅಧಿಕಾರಿಯ ಸಮಾಧಿ. ಕ್ರಿ. ಪೂ. ೨೧೭ರ ಸುಮಾರಿನಲ್ಲಿ ಸತ್ತ ಅವನ ದೇಹದ ಸುತ್ತಲೂ ಅವನು ಜೀವಮಾನವೆಲ್ಲ ಓದಿ ನಡೆಸಿದ ಕಾನೂನುಗಳನ್ನೇ ಇಟ್ಟು ಹೂಳಿದ್ದರು. ಉಗ್ರಾಣದ ಕಾನೂನಿನಲ್ಲಿ ಹೀಗಿದೆ: ಕೋಟೆಯ ಗೋಡೆಯನ್ನು ಕಟ್ಟುವ ಶಿಕ್ಷಿತನಿಗೂ ಅಷ್ಟೇ ಶ್ರಮದ ಕೆಲಸವನ್ನು ಮಾಡುವವನಿಗೂ ಬೆಳಿಗ್ಗೆ ಅರ್ಧ ‘ದೋ’, ಸಂಜೆ ಒಂದು ದೋವಿನ ಮೂರನೆಯ ಒಂದು ಭಾಗ. ದೋ ಎಂಬುದು ಸುಮಾರು ಎರಡು ಲೀಟರಿನ ಅಳತೆ. ಕಾವಲು ಮೊದಲಾದ ಹಗುರ ಕೆಲಸದವನಿಗೆ ಎರಡು ಹೊತ್ತೂ ಮೂರನೆಯ ಒಂದು ಭಾಗವೇ. ಸರಕಾರದ ಆಳುಗಳಲ್ಲಿ ಗಂಡಸಿಗೆ ತಿಂಗಳಿಗೆ ಇಪ್ಪತ್ತು ದೋ, ಹೆಂಗಸಿಗೆ ಹದಿನೈದು; ಉಳುವ ಆಳಿಗೆ ಎರಡನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳು ಮುಗಿಯುವವರೆಗೆ ಮಾತ್ರ ಐದು ದೋ ಹೆಚ್ಚು. ಕೆಲಸವನ್ನು ಮಾಡದವನಿಗೆ ಧಾನ್ಯವಿಲ್ಲ.

ಅದೇ ಪಟ್ಟಿಗಳಲ್ಲಿ ಪ್ರಯಾಣಮಾಡುವ ಅಧಿಕಾರಿಗಳ ಊಟದ ಕಾನೂನೂ ಇದೆ. ಮೇಲಿನ ಅಧಿಕಾರಿಯ ದೂತನಿಗೆ ಚೆನ್ನಾಗಿ ತಳಿಸಿದ ಧಾನ್ಯ ಅರ್ಧ ದೋ, ಹುದುಗಿಸಿದ ವ್ಯಂಜನ ಸ್ವಲ್ಪ, ಸೊಪ್ಪಿನ ಸಾರು, ಅದರ ಜೊತೆಗೆ ಈರುಳ್ಳಿಯ ಜಾತಿಯ ಎಲೆಗಳು. ಅವನ ಪರಿವಾರದವನಿಗೆ ಅಷ್ಟೇ ಧಾನ್ಯ, ಆದರೆ ತಳಿಸದ ಒರಟು ಧಾನ್ಯ. ಬಂಡಿಯ ಆಳಿಗೆ ಮೂರನೆಯ ಒಂದು ಭಾಗ. ಒಂದೇ ದಾರಿಯಲ್ಲಿ ಬಂದು ಒಂದೇ ಛತ್ರದಲ್ಲಿ ಇಳಿದ ಮೂವರಿಗೆ ಮೂರು ಬಗೆಯ ಊಟ! ಬೇಸಾಯಗಾರನ ಊಟಕ್ಕೆ ಸಂಖ್ಯೆಯಿಲ್ಲವೆಂದು ಮುಂದೆ ಹಾನ್ ಕಾಲದ ಪಂಡಿತರು ಬರೆದರು. ದುಡಿಯುವವನ ಊಟವನ್ನು ಹೊತ್ತು ಹೊತ್ತಿಗೂ ಅಳೆದು ಕೊಡಬೇಕೆಂದು ಅದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಉಗ್ರಾಣದ ಅಧಿಕಾರಿಯು ಬರೆದಿಟ್ಟಿದ್ದನು. ಸಂಖ್ಯೆಯಿಲ್ಲವೆಂಬ ಮಾತು ಅರಮನೆಯಿಂದ ದೂರ ನಿಂತು ನೋಡಿದವರ ಮಾತೆಂಬುದು ಇದರಿಂದ ಸ್ಪಷ್ಟವಾಗುವುದು.

ಊಟದ ಹೊತ್ತು ಹೀಗೆ ಅಧಿಕಾರದ ಗುರುತಾಗಿದ್ದುದರಿಂದಲೇ, ಅದರಲ್ಲಿ ಆದ ತಪ್ಪುಗಳನ್ನು ಆ ಜನರು ಸುಲಭವಾಗಿ ಮರೆಯುತ್ತಿರಲಿಲ್ಲ. ಕ್ರಿ. ಪೂ. ೬೦೭ರಲ್ಲಿ ಸುಂಗ್ ರಾಜ್ಯದ ಸೇನಾನಿಯಾದ ಹುವಾ ಯುವಾನನು ಯುದ್ಧಕ್ಕೆ ಮುನ್ನ ಕುರಿಗಳನ್ನು ಕೊಯ್ಯಿಸಿ ಯೋಧರಿಗೆ ಉಣಬಡಿಸಿದನು. ಅವನ ಸಾರಥಿಗೆ ಮಾತ್ರ ಪಾಲು ಬರಲಿಲ್ಲ. ಮರುದಿನ ಯುದ್ಧವು ತೊಡಗಿದಾಗ, ನಿನ್ನೆಯ ಮಾಂಸಕ್ಕೆ ನೀನು ಒಡೆಯನಾಗಿದ್ದೆ, ಇಂದಿನ ರಥಕ್ಕೆ ನಾನು ಒಡೆಯನೆಂದು ಹೇಳಿ, ಸಾರಥಿಯು ರಥವನ್ನು ನೇರವಾಗಿ ಶತ್ರುಸೈನ್ಯದೊಳಕ್ಕೆ ಹೊಡೆದುಬಿಟ್ಟನು. ಸೇನಾನಿಯು ಸೆರೆಯಾದನು; ಸುಂಗ್ ಸೈನ್ಯವು ಸೋತಿತು. ಕ್ರಿ. ಪೂ. ೫೮೯ರಲ್ಲಿ ಛೀ ರಾಜ್ಯದ ದೊರೆಯು ಶತ್ರುಗಳನ್ನು ಮುಗಿಸಿಯೇ ಬೆಳಗಿನ ಊಟಕ್ಕೆ ಕೂರುವೆನೆಂದು ಜಂಬಪಟ್ಟು, ಕುದುರೆಗಳಿಗೆ ಕವಚವನ್ನೂ ತೊಡಿಸದೆ ನುಗ್ಗಿ, ಸೋತು ಓಡಿದನು.

ಎಲ್ಲಕ್ಕಿಂತ ಹೃದಯಸ್ಪರ್ಶಿಯಾದುದು ಹಾನ್ ಸಾಮ್ರಾಜ್ಯದ ಸ್ಥಾಪನೆಗೆ ಕಾರಣನಾದ ಮಹಾಸೇನಾನಿ ಹಾನ್ ಶಿನ್ನನ ಕಥೆ. ಸ್ಸುಮಾ ಚಿಯೆನ್ ಎಂಬ ಚರಿತ್ರಕಾರನು ಇದನ್ನು ಬರೆದಿಟ್ಟಿದ್ದಾನೆ. ಹಾನ್ ಶಿನ್ನನು ಯೌವನದಲ್ಲಿ ದಿಕ್ಕಿಲ್ಲದ ಬಡವನಾಗಿ ಊರಿನ ಠಾಣೆಯ ಮುಖ್ಯನೊಬ್ಬನ ಮನೆಯಲ್ಲಿ ಕೆಲವು ತಿಂಗಳು ಊಟಮಾಡುತ್ತಿದ್ದನು. ಮನೆಯೊಡತಿಗೆ ಇದು ಬೇಸರವಾಯಿತು. ಆಕೆ ಬೈಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ, ಹೊತ್ತನ್ನು ಬದಲಾಯಿಸಿದಳು. ನಸುಕಿನಲ್ಲಿಯೇ ಅಡುಗೆಮಾಡಿ, ಹಾಸಿಗೆಯ ಮೇಲೆಯೇ ಎಲ್ಲರೂ ಉಂಡುಬಿಟ್ಟರು. ಊಟದ ವೇಳೆಗೆ ಸರಿಯಾಗಿ ಬಂದ ಹಾನ್ ಶಿನ್ನನಿಗೆ ಬರಿಯ ಒಲೆ ಕಂಡಿತು. ಅವನು ಅರ್ಥಮಾಡಿಕೊಂಡು ಹೊರಟುಹೋದನು. ಬಳಿಕ ನದಿಯ ದಂಡೆಯಲ್ಲಿ ನೂಲನ್ನು ಒಗೆಯುತ್ತಿದ್ದ ಮುದುಕಿಯೊಬ್ಬಳು ಅವನ ಹಸಿವನ್ನು ಕಂಡು, ತನ್ನ ಕೆಲಸವು ಮುಗಿಯುವವರೆಗೆ ಹಲವು ದಿನ ತನ್ನ ಅನ್ನದಲ್ಲಿ ಪಾಲನ್ನು ಕೊಟ್ಟಳು. ಕ್ರಿ. ಪೂ. ೨೦೨ರಲ್ಲಿ ಛೂ ಪ್ರಾಂತದ ಅರಸನಾಗಿ ತನ್ನ ಊರಿಗೆ ಬಂದಾಗ ಹಾನ್ ಶಿನ್ನನು ಆ ಮುದುಕಿಯನ್ನು ಕರೆಯಿಸಿ ಸಾವಿರ ಹೊನ್ನನ್ನು ಕೊಟ್ಟನು. ಠಾಣೆಯ ಮುಖ್ಯನಿಗೆ ಕೊಟ್ಟುದು ನೂರು ಕಾಸು. ಅವನು ಉಪಕಾರವನ್ನು ತೊಡಗಿ ನಡುವೆ ಬಿಟ್ಟವನು.

ಇನ್ನು ಊಟಕ್ಕೆ ಕುಳಿತುಕೊಳ್ಳುತ್ತಿದ್ದ ಬಗೆ. ಇಂದು ಚೀನೀಯರೆಂದರೆ ದುಂಡು ಮೇಜಿನ ಸುತ್ತಲೂ ಕುಳಿತು ನಡುವಣ ಪಾತ್ರೆಗಳಿಂದ ಕಡ್ಡಿಗಳಲ್ಲಿ ಎತ್ತಿಕೊಂಡು ತಿನ್ನುವ ಚಿತ್ರವೇ ನಮ್ಮ ಕಣ್ಣಿಗೆ ಬರುವುದು. ಪ್ರಾಚೀನರ ರೀತಿಯು ಹೀಗಿರಲಿಲ್ಲ. ಅವರು ನೆಲದ ಮೇಲೆ ಚಾಪೆಯನ್ನು ಹಾಸಿ ಕುಳಿತುಕೊಳ್ಳುತ್ತಿದ್ದರು. ಒಬ್ಬೊಬ್ಬರ ಮುಂದೆಯೂ ಕಿರುಗಾಲುಗಳುಳ್ಳ ಹರಿವಾಣದಲ್ಲಿ ಅವರವರ ಊಟವನ್ನು ಬೇರೆಯಾಗಿಯೇ ಇಡುತ್ತಿದ್ದರು. ೧೯೭೨ರಲ್ಲಿ ಚಾಂಗ್‌ಷಾ ಪಟ್ಟಣದ ಬಳಿಯ ಮಾವಾಂಗ್‌ದುಯಿಯಲ್ಲಿ ಕ್ರಿ. ಪೂ. ಎರಡನೆಯ ಶತಮಾನದ ಕುಲೀನ ಸ್ತ್ರೀಯೊಬ್ಬಳ ಸಮಾಧಿಯನ್ನು ತೆರೆದಾಗ ಇಂತಹ ಹರಿವಾಣವು ತಟ್ಟೆ, ಬಟ್ಟಲು, ಬಿದಿರಿನ ಕಡ್ಡಿಗಳೊಡನೆ ಇಟ್ಟಂತೆಯೇ ದೊರೆಯಿತು. ಪಾತ್ರೆಗಳ ಮೇಲೆ ಊಟಮಾಡಬೇಕೆಂಬ ವಿನಯದ ಪ್ರಾರ್ಥನೆಯು ಬರೆದಿದೆ. ಕೆಡದೆ ಉಳಿದಿದ್ದ ಆಕೆಯ ದೇಹವನ್ನು ವೈದ್ಯರು ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಕರಬೂಜದ ಬೀಜಗಳಿದ್ದುವು. ಕರಬೂಜದ ಹಣ್ಣನ್ನು ತಿಂದ ಕೆಲವು ಗಂಟೆಗಳೊಳಗಾಗಿ ಆಕೆ ಸತ್ತಿರಬೇಕು.

ನಮ್ಮ ವಾಚಕರಿಗೆ ಆಶ್ಚರ್ಯವಾಗಬಹುದಾದ ಇನ್ನೊಂದು ಸಂಗತಿಯಿದೆ. ಪ್ರಾಚೀನ ಚೀನೀಯರು ಅನ್ನವನ್ನು ಕೈಯಿಂದಲೇ ಉಣ್ಣುತ್ತಿದ್ದರು. ಆಚಾರಗಳ ಸಂಹಿತೆಯಾದ ‘ಲೀಜಿ’ಯಲ್ಲಿ ಊಟದ ನಿಯಮಗಳಿವೆ. ಒಂದೇ ಪಾತ್ರೆಯಿಂದ ಹಲವರು ಉಣ್ಣುವಾಗ ಕೈಗಳನ್ನು ತಿಕ್ಕಿಕೊಳ್ಳಬಾರದು. ಅನ್ನವನ್ನು ಉಂಡೆ ಕಟ್ಟಬಾರದು. ಸಾರನ್ನು ಸದ್ದುಮಾಡಿ ಸುರಿದುಕೊಳ್ಳಬಾರದು. ಮೂಳೆಯನ್ನು ನಾಯಿಗೆ ಎಸೆಯಬಾರದು. ಸೊಪ್ಪುಳ್ಳ ಸಾರಿಗೆ ಮಾತ್ರವೇ ಕಡ್ಡಿಗಳನ್ನು ಉಪಯೋಗಿಸತಕ್ಕುದು. ಮಗುವು ತಾನಾಗಿ ಉಣ್ಣಬಲ್ಲದಾದಾಗ ಅದಕ್ಕೆ ಬಲಗೈಯಿಂದ ಉಣ್ಣುವುದನ್ನು ಕಲಿಸಬೇಕು. ಏಳನೆಯ ಶತಮಾನದ ವ್ಯಾಖ್ಯಾನಕಾರ ಕುಂಗ್ ಯಿಂಗ್‌ದಾನು, ಹಿಂದಿನವರು ಅನ್ನಕ್ಕೆ ಕಡ್ಡಿಯನ್ನು ಬಳಸುತ್ತಿರಲಿಲ್ಲ, ಕೈಯನ್ನೇ ಬಳಸುತ್ತಿದ್ದರು ಎಂದು ತನ್ನ ಕಾಲದವರಿಗೆ ವಿವರಿಸಬೇಕಾಯಿತು. ಅಷ್ಟು ಹೊತ್ತಿಗೆ ಆ ರೂಢಿಯು ಅಲ್ಲಿ ಮರೆತುಹೋಗಿದ್ದಿತು.

ಬೇರೆಬೇರೆ ಹರಿವಾಣಗಳಿಂದ ಸಂಶಯಕ್ಕೂ ಎಡೆಯಾಗುತ್ತಿದ್ದಿತು. ಮೆಂಗ್‌ಛಾಂಗ್ ಎಂಬ ಕುಲೀನನು ಸಾವಿರಾರು ಅತಿಥಿಗಳನ್ನು ಸಾಕುತ್ತ, ತನ್ನಂತೆಯೇ ಅವರಿಗೂ ಬಡಿಸುತ್ತಿದ್ದನು. ಒಂದು ರಾತ್ರಿ ಊಟದಲ್ಲಿ ದೀಪಕ್ಕೆ ಯಾರೋ ಅಡ್ಡವಾದುದರಿಂದ ಅತಿಥಿಯೊಬ್ಬನು ತನಗೆ ಕೀಳು ಊಟವನ್ನು ಬಡಿಸಿರುವರೆಂದು ಭಾವಿಸಿ ಸಿಟ್ಟಿನಿಂದ ಎದ್ದನು. ಮೆಂಗ್‌ಛಾಂಗನು ತಾನೇ ಎದ್ದು ಬಂದು ತನ್ನ ಊಟವನ್ನು ಅವನ ಊಟದ ಪಕ್ಕದಲ್ಲಿ ಹಿಡಿದು ತೋರಿಸಿದನು; ಎರಡೂ ಒಂದೇ ಆಗಿದ್ದುವು. ಅತಿಥಿಯು ನಾಚಿಕೆಯಿಂದ ತನ್ನ ಕೊರಳನ್ನು ಕೊಯ್ದುಕೊಂಡನು.

ಮೂರನೆಯ ಊಟವು ಹಾನ್ ಕಾಲದಲ್ಲಿ ಮೆಲ್ಲಮೆಲ್ಲನೆ ಕಾಣಿಸಿಕೊಳ್ಳತೊಡಗಿತು. ಕ್ರಿ. ಪೂ. ೧೭೪ರಲ್ಲಿ ಚಕ್ರವರ್ತಿ ವೆನ್ನನ ಮಲತಮ್ಮನಾದ ಹುಯಿನಾನಿನ ಅರಸನು ದ್ರೋಹದ ಆರೋಪದಿಂದ ಗಡೀಪಾರಾದನು. ಅವನಿಗೂ ಅವನ ಪರಿವಾರಕ್ಕೂ ದಿನಕ್ಕೆ ಮೂರು ಊಟಗಳನ್ನೂ ಸೌದೆ, ತರಕಾರಿ, ಉಪ್ಪುಗಳನ್ನೂ ಒದಗಿಸಬೇಕೆಂದು ಮಂತ್ರಿಗಳು ವಿಧಿಸಿದರು. ಮುಚ್ಚಿ ಮುದ್ರೆಯೊತ್ತಿದ ಬಂಡಿಯಲ್ಲಿ ಅವನನ್ನು ಊರಿಂದೂರಿಗೆ ಸಾಗಿಸಿದರು. ಮುದ್ರೆಯನ್ನು ಒಡೆಯುವುದಕ್ಕೆ ದಾರಿಯ ಅಧಿಕಾರಿಗಳು ಯಾರೂ ಧೈರ್ಯಮಾಡಲಿಲ್ಲ. ಅರಸನು ಅನ್ನವನ್ನು ಮುಟ್ಟದೆ ದಾರಿಯಲ್ಲಿಯೇ ಪ್ರಾಣವನ್ನು ಬಿಟ್ಟನು. ಮೂರು ಊಟಗಳು ಕಾಗದದ ಆಜ್ಞೆಯಲ್ಲಿಯೇ ಉಳಿದುವು.

ಮುಂದೆ ನಮ್ಮ ದೇಶದಿಂದ ಹೋದ ಬೌದ್ಧಧರ್ಮವು ಚೀನದ ಊಟದ ಹೊತ್ತಿನ ಮೇಲೆ ಹೊಸದೊಂದು ನಿಯಮವನ್ನು ತಂದೊಡ್ಡಿತು: ಭಿಕ್ಷುವು ಮಧ್ಯಾಹ್ನವು ಮೀರಿದ ಮೇಲೆ ಉಣ್ಣಬಾರದು. ಐದನೆಯ ಶತಮಾನದಲ್ಲಿ ದಕ್ಷಿಣದ ಚಕ್ರವರ್ತಿಯೊಬ್ಬನು ಭಿಕ್ಷುಗಳಿಗೆ ಔತಣವನ್ನು ಏರ್ಪಡಿಸಿದನು. ಬಡಿಸುವುದು ತಡವಾಯಿತು, ಹೊತ್ತು ಮೀರಿತೆಂದು ಭಿಕ್ಷುಗಳು ಅನುಮಾನಿಸಿದರು. ಈಗತಾನೇ ಮಧ್ಯಾಹ್ನವಾಗಿದೆಯೆಂದನು ಚಕ್ರವರ್ತಿ. ಆಗ ದಾವೊಷೆಂಗ್ ಎಂಬ ಪಂಡಿತ ಭಿಕ್ಷುವು, ಸೂರ್ಯನಿರುವುದು ಆಕಾಶದಲ್ಲಿ, ಆಕಾಶಪುತ್ರನಾದ ಪ್ರಭುವೇ ಮಧ್ಯಾಹ್ನವೆನ್ನುವಾಗ ಅದು ಮಧ್ಯಾಹ್ನವಾಗದಿರುವುದೆಂತು ಎಂದು ಹೇಳಿ ಪಾತ್ರೆಯನ್ನೆತ್ತಿಕೊಂಡನು. ಎಲ್ಲರೂ ಉಂಡರು. ಇಲ್ಲಿ ಹೊತ್ತನ್ನು ಗೊತ್ತುಮಾಡಿದವನು ಸೂರ್ಯನೂ ಅಲ್ಲ, ಬುದ್ಧನೂ ಅಲ್ಲ. ಕಾಲಕ್ರಮದಲ್ಲಿ ಧ್ಯಾನಪಂಥದ ವಿಹಾರಗಳಲ್ಲಿ ಭಿಕ್ಷುಗಳು ತಾವೇ ದುಡಿಯತೊಡಗಿದಾಗ ಸಂಜೆಯ ಊಟವು ಅನಿವಾರ್ಯವಾಯಿತು; ಅದನ್ನು ಊಟವೆನ್ನದೆ ಔಷಧವೆಂದು ಕರೆದು ನಿಯಮವನ್ನೂ ಹೊಟ್ಟೆಯನ್ನೂ ಉಳಿಸಿಕೊಂಡರು. ಲಿಯಾಂಗ್ ವಂಶದ ಚಕ್ರವರ್ತಿ ವೂ ಮಾತ್ರ ನಿಯಮವನ್ನು ತನ್ನ ಮೇಲೆಯೇ ಬಿಗಿಯಾಗಿ ಹೇರಿಕೊಂಡನು. ಶಾಸ್ತ್ರವು ನಾಲ್ಕು ಊಟಗಳನ್ನು ಒಪ್ಪಿಸಿದ್ದ ಸಿಂಹಾಸನದ ಮೇಲೆ ಕುಳಿತು ಅವನು ದಿನಕ್ಕೆ ಒಂದೇ ಸಲ, ಒರಟು ಅನ್ನವನ್ನೂ ಕಾಳಿನ ಸಾರನ್ನೂ ಉಣ್ಣುತ್ತಿದ್ದನು. ಕ್ರಿ. ಶ. ೫೪೯ರಲ್ಲಿ ದಂಗೆಕೋರನು ರಾಜಧಾನಿಯನ್ನು ಹಿಡಿದು ಅವನ ಅನ್ನವನ್ನು ಕಡಮೆಮಾಡಿದನು. ಎಂಬತ್ತು ಮೀರಿದ ಆ ಮುದುಕನು ಬಾಯಿಯ ಕಹಿಗೆ ಜೇನನ್ನು ಬೇಡಿ, ಅದೂ ದೊರೆಯದೆ ಸತ್ತನು. ತಾನಾಗಿ ಬಿಟ್ಟ ಅನ್ನಕ್ಕೂ ಕಸಿದುಕೊಂಡ ಅನ್ನಕ್ಕೂ ಇರುವ ಅಂತರವನ್ನು ಅವನ ಬಾಳಿನಲ್ಲಿಯೇ ಕಾಣಬಹುದು.

ಚೀನದ ಯಾತ್ರಿಕರು ನಮ್ಮ ದೇಶಕ್ಕೆ ಬಂದಾಗ ಅವರ ಕಣ್ಣು ಊಟದ ಮೇಲೆಯೇ ಬಿದ್ದುದು ಸಹಜವಾಗಿದೆ. ಚಾಲುಕ್ಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಹ್ಯುಯೆನ್ ತ್ಸಾಂಗನು, ಭಾರತೀಯರು ಊಟಕ್ಕೆ ಮುನ್ನ ತೊಳೆದುಕೊಳ್ಳುವರೆಂದೂ ಎಂಜಲನ್ನು ಮತ್ತೆ ಬಡಿಸರೆಂದೂ ಬರೆದನು. ಕ್ರಿ. ಶ. ೬೭೧ರಲ್ಲಿ ಹೊರಟು ೬೯೫ರಲ್ಲಿ ಹಿಂದಿರುಗಿದ ಇತ್ಸಿಂಗನು, ಇಲ್ಲಿಯ ಭಿಕ್ಷುಗಳು ತಗ್ಗಾದ ಸಣ್ಣ ಪೀಠಗಳ ಮೇಲೆ ಬೇರೆಬೇರೆಯಾಗಿ ಕುಳಿತು ಬಲಗೈಯಿಂದಲೇ ಉಣ್ಣುವರೆಂದೂ ಕಡ್ಡಿಗಳ ಹೆಸರನ್ನೇ ಇಲ್ಲಿ ಕೇಳಿದವರಿಲ್ಲವೆಂದೂ ತನ್ನ ದೇಶದವರಿಗೆ ತಿಳಿಸಿದನು. ತಮ್ಮ ಪೂರ್ವಿಕರೂ ಹಾಗೆಯೇ ಉಣ್ಣುತ್ತಿದ್ದರೆಂಬುದು ಆ ಕಾಲದ ಓದುಗರಲ್ಲಿ ಪಂಡಿತರಿಗೆ ಮಾತ್ರವೇ ನೆನಪಿದ್ದಿರಬೇಕು.

ತಾಂಗ್ ವಂಶದ ಕಾಲದಿಂದ ಸುಂಗ್ ವಂಶದ ಕಾಲದೊಳಗಾಗಿ ಚಾಪೆಯು ಹೋಗಿ ಕುರ್ಚಿಯೂ ಎತ್ತರದ ಮೇಜೂ ಬಂದುವು. ಬೇರೆಬೇರೆ ಹರಿವಾಣಗಳ ಊಟವು ಹಿಂದಾಗಿ ಒಂದೇ ಮೇಜಿನ ಊಟವು ರೂಢಿಗೆ ಬಂದಿತು. ಹೊತ್ತಿನ ಕಟ್ಟೂ ಸಡಿಲವಾಯಿತು. ತಾಂಗರ ರಾಜಧಾನಿಯಲ್ಲಿ ಸಂಜೆಯ ನಗಾರಿಯು ಮೊಳಗಿದೊಡನೆ ಕೇರಿಗಳ ಬಾಗಿಲುಗಳು ಮುಚ್ಚುತ್ತಿದ್ದುವು. ಸುಂಗರ ರಾಜಧಾನಿಯಾದ ಕೈಫೆಂಗಿನಲ್ಲಿ ರಾತ್ರಿಯ ಸಂತೆಯು ಮೂರನೆಯ ಜಾವದವರೆಗೆ ನಡೆದು, ಐದನೆಯ ಜಾವಕ್ಕೆ ಮತ್ತೆ ಅಂಗಡಿಗಳು ತೆರೆಯುತ್ತಿದ್ದುವೆಂದು ಮೆಂಗ್ ಯುವಾನ್‌ಲಾವೊ ಎಂಬುವನು ಆ ನಗರವು ೧೧೨೭ರಲ್ಲಿ ಶತ್ರುಗಳ ಪಾಲಾದ ಮೇಲೆ ನೆನೆದು ಬರೆದಿದ್ದಾನೆ. ಚೀನದ ರಾತ್ರಿ ಜಾವಗಳು ಐದು. ಅಂದರೆ ನಡುರಾತ್ರಿಯ ಸ್ವಲ್ಪ ಹೊತ್ತನ್ನು ಬಿಟ್ಟರೆ ಯಾವ ಹೊತ್ತಿನಲ್ಲಿಯೂ ಕಾಸುಳ್ಳವನು ಬಿಸಿ ಊಟವನ್ನು ಕೊಳ್ಳಬಹುದಾಗಿದ್ದಿತು. ಶಾಸ್ತ್ರವು ರಾಜನಿಗೆ ಮೀಸಲಾಗಿಟ್ಟಿದ್ದ ನಾಲ್ಕು ಊಟಗಳು ಪೇಟೆಯಲ್ಲಿ ಬೆಲೆಗೆ ದೊರೆತುವು. ಕಾಸಿಲ್ಲದವನಿಗೆ ಮಾತ್ರ ಹಿಂದಿನ ಎರಡು ಊಟಗಳೇ ಉಳಿದುವು. ಬರಗಾಲದಲ್ಲಿ ಅವೂ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂಬುದು ಎಲ್ಲ ದೇಶಗಳ ಹಿರಿಯರೂ ಕಿರಿಯರಿಗೆ ಹೇಳುವ ಬುದ್ಧಿವಾದ. ಆ ಹೊತ್ತಿನ ಹಿಂದೆ ಒಬ್ಬನ ಒಡೆತನವೂ ಇನ್ನೊಬ್ಬನ ದುಡಿಮೆಯೂ ಅಡಗಿವೆಯೆಂಬುದನ್ನು ಚೀನದ ಚರಿತ್ರೆಯು ನಮಗೆ ತೋರಿಸಿಕೊಡುವುದು. ರಾಜನ ನಾಲ್ಕು ಊಟಗಳಿಗೆ ಮೊಳಗಿದ ವಾದ್ಯಗಳ ರಾಗಗಳಲ್ಲಿ ಒಂದಾದರೂ ಇಂದು ಯಾರಿಗೂ ತಿಳಿಯದು. ಗೋಡೆಯನ್ನು ಕಟ್ಟಿದ ಹೆಸರಿಲ್ಲದ ಶಿಕ್ಷಿತನ ಬೆಳಗಿನ ಅರ್ಧ ದೋವಿನ ಲೆಕ್ಕವೂ, ಸಂಜೆಯ ಮೂರನೆಯ ಒಂದು ಭಾಗದ ಲೆಕ್ಕವೂ, ಅದನ್ನು ಅಳೆಯಿಸಿದ ಅಧಿಕಾರಿಯ ಎಲುಬುಗಳ ಪಕ್ಕದಲ್ಲಿ ಅಕ್ಷರವಳಿಯದೆ ಉಳಿದಿವೆ.